ಮೇರೆಗಳನ್ನು ದಾಟಿದ ಬಾಳು: ಶ್ರೀ ಎಸ್. ನಿಜಲಿಂಗಪ್ಪನವರು

ಭೂಗೋಳವನ್ನು ಬೋಧಿಸುವ ಉಪಾಧ್ಯಾಯರು ಭೂಪಟವನ್ನು ಗೋಡೆಗೆ ತೂಗುಹಾಕಿ ರಾಜ್ಯಗಳ ಮೇರೆಗಳನ್ನು ಕೋಲಿನಿಂದ ತೋರಿಸುವಾಗ, ಆ ಗೆರೆಗಳು ಬೆಟ್ಟ ಹೊಳೆಗಳಂತೆ ಸೃಷ್ಟಿಯೊಡನೆಯೇ ಹುಟ್ಟಿದವೆಂಬ ಭಾವನೆ ಬಾಲಕರ ಮನಸ್ಸಿನಲ್ಲಿ ಮೂಡುವುದು ಸಹಜ. ಆದರೆ ಚಿತ್ರದುರ್ಗದ ಸೀಮೆಯಲ್ಲಿ ಬಾಳಿದ ಹಿರಿಯರಿಗೆ ಆ ಭ್ರಮೆ ಇರಲು ಅವಕಾಶವೇ ಇರಲಿಲ್ಲ. ಅವರ ಕಣ್ಣೆದುರಿಗೇ ಮೇರೆಗಳು ಅಳಿದವು, ಹೊಸವು ಮೂಡಿದವು. ಆ ಅಳಿಸುವ ಮೂಡಿಸುವ ಕಾರ್ಯದಲ್ಲಿ ಮುಂದಾಳಾಗಿ ನಿಂತು, ಏಕೀಕೃತ ನಾಡಿನ ಪ್ರಥಮ ಮುಖ್ಯಮಂತ್ರಿಯಾದವರು ಶ್ರೀ ಎಸ್. ನಿಜಲಿಂಗಪ್ಪನವರು. ಅವರ ರಾಜಕೀಯ ಜೀವನವನ್ನು ಕುರಿತು ಬರೆದವರು ಅನೇಕರು. ಆ ಜೀವನವನ್ನು ಭೂಪಟದ ಮೇಲಿಟ್ಟು ನೋಡಿದಾಗ ತೋರುವ ವಿಸ್ಮಯಗಳು ಮಾತ್ರ ಅಷ್ಟಾಗಿ ಯಾರ ಗಮನಕ್ಕೂ ಬಂದಂತಿಲ್ಲ.

ನಿಜಲಿಂಗಪ್ಪನವರು ಜನಿಸಿದ್ದು 1902ನೆಯ ಇಸವಿ ಡಿಸೆಂಬರ್ 10ರಂದು, ಹರಪನಹಳ್ಳಿ ತಾಲ್ಲೂಕಿನ ಹಲುವಾಗಲು ಗ್ರಾಮದಲ್ಲಿ. ಹರಪನಹಳ್ಳಿ ಅಂದು ಬಳ್ಳಾರಿ ಜಿಲ್ಲೆಗೂ, ಬಳ್ಳಾರಿ ಜಿಲ್ಲೆ ಮದರಾಸು ಪ್ರಾಂತಕ್ಕೂ ಸೇರಿದ್ದವು. ಊರಿನ ಜನ ಆಡುವುದು ಕನ್ನಡ, ಸಂತೆಗೆ ಹೋಗುವುದು ಕನ್ನಡದ ಊರುಗಳಿಗೆ, ಹೆಣ್ಣು ಕೊಟ್ಟು ತರುವುದು ದಾವಣಗೆರೆ ಹರಿಹರಗಳ ಕಡೆಗೆ. ಕಂದಾಯದ ಕಾಗದ ಮಾತ್ರ ದೂರದ ಮದರಾಸಿನ ಕಡೆಗೆ. ದಾವಣಗೆರೆಯು ಮೈಸೂರು ಸಂಸ್ಥಾನದಲ್ಲಿತ್ತು. ನಡುವೆ ದಾಟಲಾರದ ಹೊಳೆಯೂ ಇರಲಿಲ್ಲ, ಏರಲಾರದ ಬೆಟ್ಟವೂ ಇರಲಿಲ್ಲ. ಹರಿಹರದ ಸಮೀಪದಲ್ಲಿಯಂತೂ ಮೂರು ಆಡಳಿತಗಳು ಒಂದನ್ನೊಂದು ಮುಟ್ಟುತ್ತಿದ್ದವು: ಹರಿಹರ ಮೈಸೂರಿನದು, ತುಂಗಭದ್ರೆಯಾಚೆಯ ರಾಣೆಬೆನ್ನೂರು ಮುಂಬಯಿ ಪ್ರಾಂತದ್ದು, ಉತ್ತರಕ್ಕೆ ಹರಪನಹಳ್ಳಿ ಮದರಾಸಿನದು. ಹೊಳೆಯ ಜೊತೆಯಲ್ಲಿ ಇನ್ನಷ್ಟು ಕೆಳಕ್ಕೆ ಸಾಗಿದರೆ ಎಡದಂಡೆಯಲ್ಲಿ ಹೈದರಾಬಾದು ನಿಜಾಮರ ಸೀಮೆ ಎದುರಾಗುತ್ತಿತ್ತು. ಅಮೆರಿಕಾ ಸಂಯುಕ್ತ ಸಂಸ್ಥಾನದಲ್ಲಿ ಯೂಟಾ, ಕೊಲರಾಡೊ, ಅರಿಜೋನಾ, ನ್ಯೂಮೆಕ್ಸಿಕೋ ಎಂಬ ನಾಲ್ಕು ರಾಜ್ಯಗಳು ಒಂದೇ ಬಿಂದುವಿನಲ್ಲಿ ಸಂಧಿಸುವ ಸ್ಥಳವೊಂದುಂಟು. ಪ್ರವಾಸಿಗಳು ಅಲ್ಲಿಗೆ ಹೋಗಿ ಒಂದೊಂದು ಕೈಕಾಲನ್ನು ಒಂದೊಂದು ರಾಜ್ಯದಲ್ಲಿ ಊರಿ ಸಂತೋಷಪಡುತ್ತಾರೆ. ಕನ್ನಡಿಗರ ಪಾಲಿಗೆ ಅಂಥ ಸ್ಥಿತಿ ವಿನೋದವಾಗಿರಲಿಲ್ಲ. ಒಂದೇ ಮನೆತನದ ಅಣ್ಣತಮ್ಮಂದಿರು ಬೇರೆ ಬೇರೆ ಕಾನೂನುಗಳಿಗೂ ಬೇರೆ ಬೇರೆ ಕಚೇರಿ ಭಾಷೆಗಳಿಗೂ ಒಳಪಟ್ಟು ಬಾಳುವ ಕಷ್ಟವಾಗಿತ್ತು.

ಈ ವಿಚಿತ್ರ ವಿಭಾಗಕ್ಕೆ ಕಾರಣವನ್ನು ಹುಡುಕಹೊರಟರೆ ನೂರು ವರ್ಷ ಹಿಂದಕ್ಕೆ ಹೋಗಬೇಕಾಗುತ್ತದೆ. 1779ರಲ್ಲಿ ಮದಕರಿ ನಾಯಕನಿಂದ ಹೈದರಾಲಿಯ ವಶವಾದ ಚಿತ್ರದುರ್ಗವು ಮೈಸೂರಿನೊಡನೆ ಉಳಿಯಿತು. 1799ರಲ್ಲಿ ಶ್ರೀರಂಗಪಟ್ಟಣವು ಪತನವಾದ ಮೇಲೆ ಟಿಪ್ಪುವಿನ ರಾಜ್ಯವನ್ನು ಗೆದ್ದವರು ಹಂಚಿಕೊಂಡರು. ನಿಜಾಮನು ತನಗೆ ದೊರೆತ ಪ್ರದೇಶಗಳನ್ನು 1800ರಲ್ಲಿ ಇಂಗ್ಲಿಷ್ ಕಂಪೆನಿಗೆ ಬಿಟ್ಟುಕೊಟ್ಟನು. ಬಳ್ಳಾರಿ ಸೀಮೆಯು ಹಾಗೆ ಮದರಾಸಿನ ಅಧೀನಕ್ಕೆ ಬಂದಿತು. ಹೊಳಲ್ಕೆರೆ, ಮಾಯಕೊಂಡ, ಹರಿಹರಗಳು 1803ರ ಒಪ್ಪಂದದ ಮೂಲಕ, ಬೇರೆ ಪ್ರದೇಶಗಳಿಗೆ ವಿನಿಮಯವಾಗಿ, ಮೈಸೂರಿಗೆ ಸೇರಿದವು. ಹೊಳಲ್ಕೆರೆಯ ರೈತನನ್ನು ಯಾರೂ ಕೇಳಲಿಲ್ಲ, ಹರಪನಹಳ್ಳಿಯ ರೈತನನ್ನೂ ಕೇಳಲಿಲ್ಲ. ಮೇಜಿನ ಮೇಲೆ ಹರಡಿದ ಲೆಕ್ಕದ ಹಾಳೆಯಲ್ಲಿ ಇಷ್ಟು ಹಣದ ಕಂದಾಯಕ್ಕೆ ಇಷ್ಟು ನೆಲವೆಂದು ಗೆರೆ ಎಳೆಯಲಾಯಿತು. ಆ ಗೆರೆ ಒಂದೂವರೆ ಶತಮಾನ ನಿಂತಿತು.

ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡ ನಿಜಲಿಂಗಪ್ಪನವರಿಗೆ ತಾಯಿಯ ಆಸರೆಯೇ ಆಸರೆಯಾಯಿತು. ದಾವಣಗೆರೆಯಲ್ಲಿ ಅಕ್ಷರಾಭ್ಯಾಸ, ಚಿತ್ರದುರ್ಗದಲ್ಲಿ ಪ್ರೌಢ ವಿದ್ಯಾಭ್ಯಾಸ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಿಂದ 1924ರಲ್ಲಿ ಬಿ.ಎ. ಪದವಿ, ಪುಣೆಯಿಂದ 1926ರಲ್ಲಿ ಕಾನೂನು ಪದವಿ. ವಿದ್ಯಾರ್ಥಿಯಾಗಿದ್ದಾಗಲೇ ಮದರಾಸು, ಮೈಸೂರು, ಮುಂಬಯಿಗಳೆಂಬ ಮೂರು ಆಡಳಿತಗಳ ನೀರನ್ನು ಅವರು ಕುಡಿದಂತಾಯಿತು. ಬಳಿಕ ಚಿತ್ರದುರ್ಗದಲ್ಲಿ ವಕೀಲಿ ವೃತ್ತಿಯನ್ನು ಕೈಗೊಂಡರು. ಅಲ್ಲಿಂದ ಮುಂದೆ ಚಿತ್ರದುರ್ಗವೇ ಅವರ ಊರು. ರಾಷ್ಟ್ರೀಯ ಹೋರಾಟವು ಅವರನ್ನು ಸೆಳೆಯಿತು. 1939ರಲ್ಲಿ ತುರುವನೂರಿನಲ್ಲಿ ನಡೆದ ಈಚಲುಮರ ಕಡಿಯುವ ಸತ್ಯಾಗ್ರಹದ ಮುಂದಾಳತ್ವ ವಹಿಸಿ ಸೆರೆಮನೆ ಸೇರಿದರು.

ಇಲ್ಲಿ ಒಂದು ವಿಷಯವನ್ನು ವಿಶದವಾಗಿ ಹೇಳಬೇಕು. ಸರಕಾರದ ಭೂಪಟವೊಂದು, ಕಾಂಗ್ರೆಸ್ ಸಂಸ್ಥೆಯ ಭೂಪಟ ಇನ್ನೊಂದು. 1920ರ ನಾಗಪುರ ಅಧಿವೇಶನದ ತರುವಾಯ ಕಾಂಗ್ರೆಸ್ ಸಂಸ್ಥೆಯು ತನ್ನ ಪ್ರಾಂತಗಳನ್ನು ಭಾಷೆಯ ಆಧಾರದ ಮೇಲೆ ವಿಂಗಡಿಸಿಕೊಂಡಿತು. ಆ ಏರ್ಪಾಟಿನಲ್ಲಿ ಕರ್ನಾಟಕವೆಂಬ ಪ್ರಾಂತವು, ಸರಕಾರದ ಯಾವ ಕಾಗದದಲ್ಲಿಯೂ ಇಲ್ಲದಿದ್ದರೂ, ಕಾಂಗ್ರೆಸ್ಸಿನ ಕಡತದಲ್ಲಿ ಜೀವಂತವಾಗಿತ್ತು. ಆಲೂರು ವೆಂಕಟರಾಯರಂಥವರು ಜನರ ಮನಸ್ಸಿನಲ್ಲಿ ಬರೆದ ಕರ್ನಾಟಕಕ್ಕೆ ಇದು ಮೊದಲನೆಯ ಆಡಳಿತ ರೂಪ. ನಿಜಲಿಂಗಪ್ಪನವರು ಈ ಪ್ರಾಂತ ಸಮಿತಿಯಲ್ಲಿ ದುಡಿದು ಅದರ ಅಧ್ಯಕ್ಷರಾದರು. ಮೈಸೂರು ಸಂಸ್ಥಾನದ ನಿವಾಸಿಯೊಬ್ಬರು ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರಗಳನ್ನು ತಮ್ಮ ಕಾರ್ಯಕ್ಷೇತ್ರವೆಂದು ಭಾವಿಸಿ ಸುತ್ತಿದ್ದು ಈ ಏರ್ಪಾಟಿನ ಫಲ. ಸಂವಿಧಾನ ರಚನಾ ಸಭೆಗೆ ಸದಸ್ಯರನ್ನು ಆರಿಸುವ ಕಾಲ ಬಂದಾಗ ಅವರು ಅಲ್ಲಿಗೆ ಹೋದದ್ದು ಮುಂಬಯಿ ಪ್ರಾಂತದಿಂದ. ಸರದಾರ್ ಪಟೇಲ್, ಡಾಕ್ಟರ್ ಅಂಬೇಡ್ಕರ್, ರಂಗನಾಥ ದಿವಾಕರ ಮೊದಲಾದವರ ಹೆಸರಿರುವ ಮುಂಬಯಿಯ ಪಟ್ಟಿಯಲ್ಲಿಯೇ ಚಿತ್ರದುರ್ಗದ ಈ ವಕೀಲರ ಹೆಸರೂ ಉಂಟು. ಹುಟ್ಟಿದ್ದು ಮದರಾಸಿನಲ್ಲಿ, ನೆಲೆಸಿದ್ದು ಮೈಸೂರಿನಲ್ಲಿ, ಪ್ರತಿನಿಧಿಸಿದ್ದು ಮುಂಬಯಿಯನ್ನು. ಇಷ್ಟಾಗಿಯೂ ಅವರು ಕನ್ನಡದ ನೆಲವನ್ನು ಬಿಟ್ಟು ಹೋಗಿರಲಿಲ್ಲವೆಂಬುದೇ ಆ ಕಾಲದ ಕರ್ನಾಟಕದ ಸ್ಥಿತಿಗೆ ಸಾಕಷ್ಟು ಸಾಕ್ಷಿ.

ಸ್ವಾತಂತ್ರ್ಯ ಬಂದ ಮೇಲೆಯೂ ಗೆರೆಗಳು ತಾವಾಗಿ ಅಳಿಯಲಿಲ್ಲ. ಮೊದಲು ಕದಲಿದ್ದು ಬಳ್ಳಾರಿ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯವು ಹುಟ್ಟಿದಾಗ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಅತ್ತ ಹೋದವು. ಬಳ್ಳಾರಿ ಜಿಲ್ಲೆಯ ಉಳಿದ ಭಾಗವು ಮೈಸೂರಿಗೆ ಬಂದಿತು. ಹಲುವಾಗಲು ಗ್ರಾಮವು ತನ್ನ ಮಗನಿದ್ದ ರಾಜ್ಯಕ್ಕೆ ಸೇರಿದ್ದು ಅಂದು, ಆ ಮಗನಿಗೆ ಐವತ್ತು ವರ್ಷ ತುಂಬಿದ ಮೇಲೆ. ಬಳ್ಳಾರಿಯ ಬಿಕ್ಕಟ್ಟು ಅಲ್ಲಿಗೂ ಮುಗಿಯಲಿಲ್ಲ. ಫಜಲ್ ಅಲಿ, ಹೃದಯನಾಥ ಕುಂಜ್ರು, ಸರದಾರ್ ಪಣಿಕ್ಕರ್ ಇವರಿದ್ದ ರಾಜ್ಯ ಪುನರ್ವಿಂಗಡಣಾ ಆಯೋಗವು 1955ರಲ್ಲಿ ವರದಿಯನ್ನೊಪ್ಪಿಸಿ, ಕನ್ನಡಿಗರ ರಾಜ್ಯವಾಗಲೆಂದು ಹೇಳಿದ ಬಾಯಲ್ಲಿಯೇ, ತುಂಗಭದ್ರಾ ಯೋಜನೆಯ ನೆಪದಿಂದ ಬಳ್ಳಾರಿ, ಹೊಸಪೇಟೆ, ಸಿರುಗುಪ್ಪಗಳನ್ನು ಆಂಧ್ರಕ್ಕೆ ಕೊಡಬೇಕೆಂದು ಸೂಚಿಸಿತು. ಕನ್ನಡ ನಾಡು ಇದನ್ನು ಒಮ್ಮತದಿಂದ ಪ್ರತಿಭಟಿಸಿತು. ಆ ಸೂಚನೆ ಬಿದ್ದುಹೋಯಿತು. ಆ ಅಣೆಕಟ್ಟಿನ ಕಥೆಯೂ ಸ್ವಾರಸ್ಯವಾದದ್ದೇ. 1945ರಲ್ಲಿ ಅದರ ಶಂಕುಸ್ಥಾಪನೆಯಾದಾಗ ಒಂದು ದಂಡೆ ನಿಜಾಮರದು, ಇನ್ನೊಂದು ದಂಡೆ ಮದರಾಸಿನದು. ಆದಕಾರಣ ಒಂದೇ ಕಟ್ಟೆಗೆ ಎರಡು ದಂಡೆಗಳಲ್ಲಿ ಎರಡು ಅಸ್ತಿಭಾರದ ಕಲ್ಲುಗಳನ್ನು ಇಡಬೇಕಾಯಿತು.

ಏಕೀಕರಣಕ್ಕೆ ಎದುರಾದ ಅಡ್ಡಿಗಳೆಲ್ಲವೂ ಹೊರಗಿನವರಿಂದಲೇ ಬಂದವೆಂದರೆ ಸತ್ಯಕ್ಕೆ ಅಪಚಾರವಾದೀತು. ಹಳೆಯ ಮೈಸೂರಿನ ಅನೇಕ ವಿಚಾರವಂತರಿಗೆ ಈ ಕೂಡಿಕೆ ಬೇಡವಾಗಿತ್ತು. ಮೈಸೂರು ಮುಂದುವರಿದ ಸಂಸ್ಥಾನ, ಉತ್ತರದ ಜಿಲ್ಲೆಗಳು ಹಿಂದುಳಿದವು, ಮೈಸೂರಿನ ಹಣ ಅಲ್ಲಿ ಕರಗಿಹೋಗುವುದೆಂಬ ಭೀತಿ. ಅಧಿಕಾರವು ಕೈತಪ್ಪುವುದೆಂಬ ಭೀತಿ ಇನ್ನೊಂದು. ಅಂದಿನ ಮುಖ್ಯಮಂತ್ರಿ ಶ್ರೀ ಕೆಂಗಲ್ ಹನುಮಂತಯ್ಯನವರು ಈ ಭೀತಿಗಳನ್ನು ಬದಿಗೊತ್ತಿ ಏಕೀಕರಣದ ಪರವಾಗಿ ನಿಂತದ್ದು ಅವರ ದೊಡ್ಡತನ. ಅದಕ್ಕಾಗಿ ಅವರು ತೆತ್ತ ಬೆಲೆಯೂ ದೊಡ್ಡದೇ. ನಿಜಲಿಂಗಪ್ಪನವರ ಸ್ಥಾನ ಬೇರೆಯ ಬಗೆಯದು. 1952ರಲ್ಲಿ ಚಿತ್ರದುರ್ಗದಿಂದ ಲೋಕಸಭೆಗೆ ಆಯ್ಕೆಯಾಗಿದ್ದ ಅವರು ಮೈಸೂರಿಗರೂ ಹೌದು, ಕರ್ನಾಟಕ ಪ್ರಾಂತದವರೂ ಹೌದು. ಉತ್ತರದವರು ಅವರನ್ನು ತಮ್ಮವರೆಂದು ಬಲ್ಲರು, ದಕ್ಷಿಣದವರಿಗೆ ಅವರು ಅಪರಿಚಿತರಲ್ಲ. ಎರಡು ಪಾಲಾದ ನಾಡನ್ನು ಹೊಲಿಯುವ ದಾರ ಎರಡೂ ಕಡೆಯ ಬಟ್ಟೆಯಲ್ಲಿ ಹಾದುಹೋಗಬೇಕಲ್ಲವೆ?

1956ರ ನವೆಂಬರ್ 1ರಂದು ಬೆಂಗಳೂರಿನಲ್ಲಿ ರಾಷ್ಟ್ರಪತಿ ಬಾಬು ರಾಜೇಂದ್ರಪ್ರಸಾದರು ಹೊಸ ರಾಜ್ಯವನ್ನು ಉದ್ಘಾಟಿಸಿದರು. ಮುಂಬಯಿಯಿಂದ ಬೆಳಗಾವಿ, ಧಾರವಾಡ, ವಿಜಾಪುರ, ಉತ್ತರ ಕನ್ನಡ, ಹೈದರಾಬಾದಿನಿಂದ ಗುಲ್ಬರ್ಗ, ರಾಯಚೂರು, ಬೀದರ, ಮದರಾಸಿನಿಂದ ದಕ್ಷಿಣ ಕನ್ನಡ, ಕೊಳ್ಳೇಗಾಲ, ಜೊತೆಗೆ ಕೊಡಗು. ಹೀಗೆ 19 ಜಿಲ್ಲೆಗಳ ರಾಜ್ಯಕ್ಕೆ ನಿಜಲಿಂಗಪ್ಪನವರು ಮುಖ್ಯಮಂತ್ರಿಯಾದರು. ಬಂದ ಜಿಲ್ಲೆಗಳೆಲ್ಲವೂ ಇಡಿಯಾಗಿ ಬರಲಿಲ್ಲ. ಬೆಳಗಾವಿಯ ಚಂದಗಡ ಮುಂಬಯಿಯಲ್ಲಿಯೇ ಉಳಿಯಿತು, ಕಾಸರಗೋಡು ಕೇರಳದ ಪಾಲಾಯಿತು, ಬೀದರಿನ ಕೆಲವು ತಾಲ್ಲೂಕುಗಳೂ ಬೇರೆಯಾದವು. ರಾಜ್ಯಕ್ಕೆ ಕರ್ನಾಟಕವೆಂಬ ಹೆಸರೂ ದೊರೆಯಲಿಲ್ಲ. ಅದಕ್ಕಾಗಿ 1973ರ ನವೆಂಬರ್ 1ರ ವರೆಗೆ ಕಾಯಬೇಕಾಯಿತು.

ರಾಜಧಾನಿಯ ಮಾತು ಇಲ್ಲಿ ಬರಲೇಬೇಕು. ರಾಜ್ಯದ ಹೆಸರು ಮೈಸೂರು, ರಾಜಧಾನಿ ಮೈಸೂರಲ್ಲ. ಅಮೆರಿಕಾದಲ್ಲಿಯೂ ನ್ಯೂಯಾರ್ಕ್ ರಾಜ್ಯದ ರಾಜಧಾನಿ ಜಗತ್ಪ್ರಸಿದ್ಧವಾದ ನ್ಯೂಯಾರ್ಕ್ ನಗರವಲ್ಲ, ಆಲ್ಬನಿ ಎಂಬ ಚಿಕ್ಕ ಊರು. ಕ್ಯಾಲಿಫೋರ್ನಿಯಾಕ್ಕೆ ಲಾಸ್ ಏಂಜಲೀಸ್ ಅಲ್ಲ, ಸ್ಯಾಕ್ರಮೆಂಟೊ. ಅಲ್ಲಿಯ ಇಂಡಿಯಾನಾ ರಾಜ್ಯದವರು ಸುಮಾರು ಇನ್ನೂರು ವರ್ಷಗಳ ಹಿಂದೆ ತಮ್ಮ ರಾಜ್ಯದ ನಡುಮಧ್ಯದಲ್ಲಿ ಸ್ಥಳವನ್ನು ಆರಿಸಿ ಇಂಡಿಯಾನಾಪೊಲಿಸ್ ನಗರವನ್ನು ಹೊಸದಾಗಿ ಕಟ್ಟಿಕೊಂಡರು. ನ್ಯೂಜೆರ್ಸಿ ರಾಜ್ಯದ ಟ್ರೆಂಟನ್ ಮಾತ್ರ ಮೇರೆಯ ಹೊಳೆಯ ದಡದಲ್ಲಿಯೇ ಇದೆ. ಸೇತುವೆ ದಾಟಿದರೆ ಪೆನ್ಸಿಲ್ವೇನಿಯಾ. ಬೆಂಗಳೂರು ಈ ಎರಡನೆಯ ಪಂಗಡಕ್ಕೆ ಸೇರಿದ ರಾಜಧಾನಿ. ಅಲ್ಲಿಂದ ತಮಿಳುನಾಡಿನ ಹೊಸೂರಿಗೆ ಸುಮಾರು 40 ಕಿಲೋಮೀಟರು. ಬೀದರಿಗೆ ಸುಮಾರು 700. ಭೂಪಟವನ್ನು ಮಡಿಸಿ ನಡುವನ್ನು ಹುಡುಕಿದರೆ ಬೆರಳು ಚಿತ್ರದುರ್ಗ ದಾವಣಗೆರೆಗಳ ಆಸುಪಾಸಿಗೆ ಬಂದು ನಿಲ್ಲುತ್ತದೆ. ದಾವಣಗೆರೆಯೇ ರಾಜಧಾನಿಯಾಗಬೇಕಿತ್ತೆಂಬ ಮಾತು ಈ ಸೀಮೆಯಲ್ಲಿ ಇಂದಿಗೂ ಕೇಳಿಬರುವುದು ಆ ಕಾರಣದಿಂದಲೇ. ಆದರೆ ರಾಜಧಾನಿಗಳನ್ನು ಭೂಮಿತಿಯ ಸೂತ್ರವೊಂದೇ ನಿರ್ಣಯಿಸುವುದಿಲ್ಲ. 1831ರಲ್ಲಿ ಮೈಸೂರಿನ ಆಡಳಿತವು ಇಂಗ್ಲಿಷರ ಕೈಗೆ ಹೋದ ಮೇಲೆ ಕಚೇರಿಗಳು ಬೆಂಗಳೂರಿಗೆ ಬಂದು ನೆಲೆಯೂರಿದ್ದವು. ಹನುಮಂತಯ್ಯನವರು ಕಟ್ಟಿಸಿದ ವಿಧಾನಸೌಧವು 1956ರಲ್ಲಿಯೇ ಸಿದ್ಧವಾಗಿತ್ತು. ಹೊಸದಾಗಿ ಕೂಡಿದ ರಾಜ್ಯವು ಸಂಬಳ ಸಾರಿಗೆ ಶಾಲೆಗಳಿಗೆ ಹಣ ಹೊಂದಿಸುವುದೇ ಕಷ್ಟವಾಗಿದ್ದ ಕಾಲದಲ್ಲಿ ಮತ್ತೊಂದು ನಗರವನ್ನು ಕಟ್ಟುವ ಯೋಚನೆ ವಿವೇಕವಾಗುತ್ತಿರಲಿಲ್ಲ. ಆದರೂ ಬೀದರಿನ ಬಡವನೊಬ್ಬನು ಒಂದು ಅರ್ಜಿಗಾಗಿ ನಾಡನ್ನೆಲ್ಲ ಹಾಯ್ದು ಮೂಲೆಯ ಊರಿಗೆ ಬರಬೇಕಾದ ಸಂಕಟ ನಿಜವಾದದ್ದೇ. ಬೆಳಗಾವಿಯಲ್ಲಿ ಎರಡನೆಯ ಸೌಧವು ಉದ್ಘಾಟನೆಯಾಗಲು 2012ನೆಯ ಇಸವಿ ಬರಬೇಕಾಯಿತು.

ದೂರವನ್ನು ಕಡಿಮೆಮಾಡಲು ಬೇರೊಂದು ಮಾರ್ಗವುಂಟು, ಅದು ಅಧಿಕಾರವನ್ನೇ ದೂರದವರಿಗೆ ಒಪ್ಪಿಸುವುದು. 1958ರಲ್ಲಿ ನಿಜಲಿಂಗಪ್ಪನವರ ತರುವಾಯ ಮುಖ್ಯಮಂತ್ರಿಯಾದವರು ಜಮಖಂಡಿಯ ಶ್ರೀ ಬಿ.ಡಿ. ಜತ್ತಿಯವರು, 1962ರಲ್ಲಿ ಕೆಲವು ತಿಂಗಳು ವಿಜಾಪುರ ಜಿಲ್ಲೆಯ ಶ್ರೀ ಎಸ್.ಆರ್. ಕಂಠಿಯವರು, 1968ರಲ್ಲಿ ಗುಲ್ಬರ್ಗದ ಕಡೆಯ ಶ್ರೀ ವೀರೇಂದ್ರ ಪಾಟೀಲರು. ಹಳೆಯ ಮೈಸೂರಿನವರ ಭೀತಿ ಒಂದರ್ಥದಲ್ಲಿ ನಿಜವಾಯಿತು. ನಾಡು ಮಾತ್ರ ಅದರಿಂದ ಒಡೆಯಲಿಲ್ಲ.

1962ರ ಚುನಾವಣೆಯದು ಈ ಚರಿತ್ರೆಯಲ್ಲಿ ಅತ್ಯಂತ ಮನನೀಯವಾದ ಪ್ರಸಂಗ. ನಿಜಲಿಂಗಪ್ಪನವರು ಸ್ಪರ್ಧಿಸಿದ್ದು ಸ್ವಂತ ಜಿಲ್ಲೆಯ ಹೊಸದುರ್ಗದಲ್ಲಿ. ನಾಡನ್ನೇ ಕೂಡಿಸಿದವರನ್ನು ಮನೆಯ ಜನ ಕೈಬಿಟ್ಟಾರೆಂದು ಯಾರೂ ಎಣಿಸಿರಲಿಲ್ಲ. ಪ್ರಜಾ ಸಮಾಜವಾದಿ ಪಕ್ಷದ ಶ್ರೀ ಜಿ.ಟಿ. ರಂಗಪ್ಪನವರು ಗೆದ್ದರು, ನಿಜಲಿಂಗಪ್ಪನವರು ಸೋತರು. ಹೊಸದುರ್ಗದ ಮತದಾರರನ್ನು ನಿಂದಿಸುವುದು ಸಲ್ಲದು. ಮತವು ಹರಕೆಯ ಕಾಣಿಕೆಯಲ್ಲ, ಸ್ವತಂತ್ರರಾದವರ ವಿವೇಚನೆ. ಆಗ ಅವರ ಕೈಹಿಡಿದದ್ದು ಬಾಗಲಕೋಟೆ. ಅಲ್ಲಿಯ ಶಾಸಕರು ಸ್ಥಾನವನ್ನು ತೆರವುಮಾಡಿದರು. ನಿಜಲಿಂಗಪ್ಪನವರು ಅವಿರೋಧವಾಗಿ ಆಯ್ಕೆಯಾಗಿ ಅದೇ ವರ್ಷದ ಜೂನ್ 21ರಂದು ಮತ್ತೆ ಮುಖ್ಯಮಂತ್ರಿಯಾದರು. ಆರು ವರ್ಷಗಳ ಹಿಂದೆ ಮುಂಬಯಿ ರಾಜ್ಯದಲ್ಲಿದ್ದ ಊರು ಚಿತ್ರದುರ್ಗದವರೊಬ್ಬರನ್ನು ತನ್ನವರೆಂದು ಕಳುಹಿಸಿತು. 1967ರಲ್ಲಿ ಅವರು ಗೆದ್ದುಬಂದದ್ದು ಧಾರವಾಡ ಜಿಲ್ಲೆಯ ಶಿಗ್ಗಾವಿಯಿಂದ. ಏಕೀಕರಣವು ಕಾಗದದ ಮೇಲೆ ಆದದ್ದು 1956ರಲ್ಲಿ. ಜನರ ಮನಸ್ಸಿನಲ್ಲಿ ಆದದ್ದು ಯಾವಾಗ ಎಂದು ಕೇಳುವವರು ಬಾಗಲಕೋಟೆಯ ಈ ಉಪಚುನಾವಣೆಯನ್ನು ನೆನೆಯಬೇಕು.

ಈ ಎರಡನೆಯ ಅವಧಿಯಲ್ಲಿಯೇ ಗಡಿಯ ಪ್ರಶ್ನೆ ಅವರನ್ನು ಕಠಿಣ ಪರೀಕ್ಷೆಗೆ ಒಡ್ಡಿತು. ಬೆಳಗಾವಿಯನ್ನು ತನಗೆ ಕೊಡಬೇಕೆಂದು ಮಹಾರಾಷ್ಟ್ರವು ಬಹುಕಾಲದಿಂದ ಕೇಳುತ್ತಿತ್ತು. 1966ರ ಅಕ್ಟೋಬರಿನಲ್ಲಿ ಭಾರತ ಸರಕಾರವು ಸರ್ವೋಚ್ಚ ನ್ಯಾಯಾಲಯದ ನಿವೃತ್ತ ಮುಖ್ಯ ನ್ಯಾಯಾಧೀಶರಾದ ಮೆಹರ್‌ಚಂದ್ ಮಹಾಜನರ ಏಕಸದಸ್ಯ ಆಯೋಗವನ್ನು ನೇಮಿಸಿತು. 1967ರ ಆಗಸ್ಟಿನಲ್ಲಿ ವರದಿ ಬಂದಿತು. ಬೆಳಗಾವಿ ನಗರವು ಮೈಸೂರಿನಲ್ಲಿಯೇ ಇರತಕ್ಕದ್ದು. 264 ಗ್ರಾಮಗಳು ಮಹಾರಾಷ್ಟ್ರಕ್ಕೆ, 247 ಗ್ರಾಮಗಳು ಮೈಸೂರಿಗೆ. ಚಂದ್ರಗಿರಿ ಹೊಳೆಯಿಂದ ಉತ್ತರಕ್ಕಿರುವ ಕಾಸರಗೋಡಿನ ಭಾಗವು ಮೈಸೂರಿಗೆ. ಲಾಭವೂ ಇತ್ತು, ನಷ್ಟವೂ ಇತ್ತು. ನಿಪ್ಪಾಣಿಯಂಥ ಊರು ಕೈಬಿಡಬೇಕಾಗುತ್ತಿತ್ತು. ಮಹಾರಾಷ್ಟ್ರವು ವರದಿಯನ್ನು ತಿರಸ್ಕರಿಸಿತು. ನಿಜಲಿಂಗಪ್ಪನವರ ಸರಕಾರವು ಬಂದದ್ದನ್ನೂ ಹೋಗುವುದನ್ನೂ ಕೂಡಿಯೇ ಅಂಗೀಕರಿಸಿತು. ನ್ಯಾಯದ ಕಟ್ಟೆಗೆ ಹೋದ ಮೇಲೆ ತೀರ್ಪಿನ ಅರ್ಧವನ್ನು ಹಿಡಿದು ಅರ್ಧವನ್ನು ಬಿಡುವುದು ವಕೀಲರಾಗಿದ್ದ ಅವರಿಗೆ ಒಪ್ಪುವ ಮಾತಲ್ಲ. ಆ ನಿಲುವಿನಿಂದ ಕೈಗೆ ಬಂದದ್ದೇನು ಎಂದು ಕೇಳುವವರಿದ್ದಾರೆ. ಕಾಸರಗೋಡು ಬರಲಿಲ್ಲ, ಜತ್ತ ಅಕ್ಕಲಕೋಟೆಗಳ ಕಡೆಯ ಕನ್ನಡ ಹಳ್ಳಿಗಳೂ ಬರಲಿಲ್ಲ. ವರದಿ ಜಾರಿಗೆ ಬರಲೇ ಇಲ್ಲ. 2004ರಲ್ಲಿ ಮಹಾರಾಷ್ಟ್ರವು ಸರ್ವೋಚ್ಚ ನ್ಯಾಯಾಲಯದ ಬಾಗಿಲು ತಟ್ಟಿತು. ಆದರೂ ಅಂದಿನಿಂದ ಕರ್ನಾಟಕವು ಮಹಾಜನ ವರದಿಯೇ ಅಂತಿಮವೆಂದು ಒಂದೇ ಮಾತನ್ನು ಆಡುತ್ತ ಬಂದಿದೆ. ಹಾಗೆ ಮಾತು ಬದಲಿಸದೆ ನಿಲ್ಲುವ ಶಕ್ತಿ ರಾಜ್ಯಕ್ಕೆ ಬಂದದ್ದು ನಷ್ಟವನ್ನೂ ಒಪ್ಪಿದ ಆ ನಿರ್ಧಾರದಿಂದಲೇ.

ಬೆಳಗಾವಿಯ ಗಡಿ ಸುದ್ದಿಯಾದಷ್ಟು ಚಿತ್ರದುರ್ಗದ ಗಡಿ ಸುದ್ದಿಯಾಗಲಿಲ್ಲ. ಸೋಜಿಗದಲ್ಲಿ ಮಾತ್ರ ಅದು ಯಾವುದಕ್ಕೂ ಕಡಿಮೆಯಲ್ಲ. ಹಿರಿಯೂರು ತಾಲ್ಲೂಕಿನ ಧರ್ಮಪುರದ ಕಡೆಯಿಂದ ಪೂರ್ವಕ್ಕೆ ಹೊರಟರೆ ಆಂಧ್ರದ ಮಡಕಶಿರಾ ತಾಲ್ಲೂಕು ಸಿಗುತ್ತದೆ. ಕನ್ನಡದ ಊರುಗಳು ಹೇರಳವಾಗಿರುವ ಆ ತಾಲ್ಲೂಕನ್ನು ಮೂರು ಕಡೆ ಕರ್ನಾಟಕವೇ ಸುತ್ತುವರಿದಿದೆ. ಅದು ನಡುವೆ ಚಾಚಿಕೊಂಡಿರುವುದರಿಂದ ಪಾವಗಡ ತಾಲ್ಲೂಕು ತಾನು ಸೇರಿದ ತುಮಕೂರು ಜಿಲ್ಲೆಯ ಉಳಿದ ಭಾಗದಿಂದ ಬೇರ್ಪಟ್ಟು, ಚಿತ್ರದುರ್ಗ ಜಿಲ್ಲೆಯ ಅಂಚನ್ನು ಹಿಡಿದು ನಿಂತಿದೆ. ಅಮೆರಿಕಾದ ಕೆಂಟಕಿ ರಾಜ್ಯದ ತುಣುಕೊಂದು ಮಿಸಿಸಿಪ್ಪಿ ಹೊಳೆಯ ತಿರುವಿನಲ್ಲಿ ಸಿಕ್ಕಿಕೊಂಡು ಉಳಿದ ರಾಜ್ಯದಿಂದ ಬೇರೆಯಾಗಿರುವುದನ್ನು ಅಲ್ಲಿಯವರು ದೊಡ್ಡ ಅಚ್ಚರಿಯಾಗಿ ಹೇಳಿಕೊಳ್ಳುತ್ತಾರೆ. ಪಾವಗಡವು ಅದಕ್ಕಿಂತ ಎಷ್ಟೋ ದೊಡ್ಡದು. ಚಿತ್ರದುರ್ಗದಿಂದ ಬಳ್ಳಾರಿಗೆ ರೈಲಿನಲ್ಲಿ ಹೋಗುವವರು ಕರ್ನಾಟಕದ ಒಂದು ಜಿಲ್ಲಾಕೇಂದ್ರದಿಂದ ಇನ್ನೊಂದಕ್ಕೆ ಹೋಗುವುದಕ್ಕೆ ಆಂಧ್ರದ ರಾಯದುರ್ಗವನ್ನು ಹಾಯಬೇಕು. ವೇದಾವತಿಯಂತೂ ಗಡಿಯನ್ನು ಲೆಕ್ಕಕ್ಕೇ ತೆಗೆದುಕೊಂಡಿಲ್ಲ. ಹೊಸದುರ್ಗದ ನೆಲವನ್ನು ತೋಯಿಸಿ, ಹಿರಿಯೂರಿನ ಬಳಿ 1907ರಲ್ಲಿ ಪೂರ್ಣಗೊಂಡ ಮಾರಿಕಣಿವೆಯ ವಾಣಿವಿಲಾಸ ಸಾಗರದಲ್ಲಿ ತಂಗಿ, ಚಳ್ಳಕೆರೆಯನ್ನು ದಾಟಿ ಆಂಧ್ರಕ್ಕೆ ಹೋಗಿ, ಹಗರಿ ಎಂಬ ಹೆಸರಿನಿಂದ ಬಳ್ಳಾರಿ ಸೀಮೆಗೆ ಮರಳಿ ತುಂಗಭದ್ರೆಯನ್ನು ಕೂಡುತ್ತದೆ.

1968ರಲ್ಲಿ ನಿಜಲಿಂಗಪ್ಪನವರು ಅಖಿಲ ಭಾರತ ಕಾಂಗ್ರೆಸ್ಸಿನ ಅಧ್ಯಕ್ಷರಾಗಿ ದಿಲ್ಲಿಗೆ ಹೋದರು. ಮರುವರ್ಷವೇ ಆ ಸಂಸ್ಥೆಯು ಇಬ್ಭಾಗವಾಯಿತು. ನಾಡನ್ನು ಕೂಡಿಸಿದವರ ಅಧ್ಯಕ್ಷತೆಯಲ್ಲಿಯೇ ಪಕ್ಷವು ಒಡೆದದ್ದು ವಿಧಿಯ ವೈಚಿತ್ರ್ಯ. ಅಲ್ಲಿಯ ಸರಿತಪ್ಪುಗಳು ಬೇರೆ ಗ್ರಂಥಕ್ಕೆ ಸೇರಿದ ವಿಷಯ. ಅಧಿಕಾರ ಹೋದ ಮೇಲೆ ಅವರು ಚಿತ್ರದುರ್ಗಕ್ಕೇ ಹಿಂದಿರುಗಿದರು.

ಅವರ ದೀರ್ಘಾಯುಷ್ಯದ ಕೊನೆಯಲ್ಲಿ ಹತ್ತಿರದ ಗೆರೆಗಳೇ ಮತ್ತೊಮ್ಮೆ ಕದಲಿದವು. 1997ರ ಆಗಸ್ಟ್ 15ರಂದು ಚಿತ್ರದುರ್ಗ ಜಿಲ್ಲೆಯನ್ನು ಒಡೆದು ದಾವಣಗೆರೆ ಜಿಲ್ಲೆಯನ್ನು ರಚಿಸಲಾಯಿತು. ಹರಪನಹಳ್ಳಿ ತಾಲ್ಲೂಕನ್ನು ಬಳ್ಳಾರಿಯಿಂದ ತೆಗೆದು ಅದಕ್ಕೆ ಸೇರಿಸಲಾಯಿತು. ಹುಟ್ಟಿದ ಊರೂ ಅಕ್ಷರ ಕಲಿತ ಊರೂ ಒಂದೇ ಜಿಲ್ಲೆಗೆ ಬಂದದ್ದನ್ನು ತೊಂಬತ್ತನಾಲ್ಕರ ವೃದ್ಧರು ಕಣ್ಣಾರೆ ಕಂಡರು. ಅವರ ಕಾಲಾನಂತರ ಹರಪನಹಳ್ಳಿ ಮರಳಿ ಬಳ್ಳಾರಿಗೆ ಹೋಗಿ, 2021ರಲ್ಲಿ ಹೊಸ ವಿಜಯನಗರ ಜಿಲ್ಲೆಯ ಪಾಲಾಯಿತು.

2000ನೆಯ ಇಸವಿ ಆಗಸ್ಟ್ 8ರಂದು ನಿಜಲಿಂಗಪ್ಪನವರು ಚಿತ್ರದುರ್ಗದಲ್ಲಿ ಲಿಂಗೈಕ್ಯರಾದರು. ಊರಿನ ಹೊರವಲಯದ ಸೀಬಾರದಲ್ಲಿ ಅವರ ಸ್ಮಾರಕವಿದೆ. ಬೆಂಗಳೂರಿನಿಂದ ಪುಣೆಗೆ ಹೋಗುವ ಹೆದ್ದಾರಿಯಿಂದ ಹೊಸಪೇಟೆ, ವಿಜಾಪುರ, ಗುಲ್ಬರ್ಗ, ಬೀದರಗಳ ಕಡೆಯ ಹೆದ್ದಾರಿಯು ಕವಲೊಡೆಯುವುದು ಚಿತ್ರದುರ್ಗದಲ್ಲಿಯೇ.